ಮೂವತ್ತೊಂದನೆಯ ಚಿತ್ರಕ್ಕೆ ಆರು ಸೆಕೆಂಡು

ಗದಗ,
ಇಸವಿ ಎರಡು ಸಾವಿರದ ಇನ್ನೂರ ಮೂರು, ಮಾಘದ ಮೂವತ್ತನಾಲ್ಕನೆಯ ದಿನ.

ಮುಂಬೆಳಗು ಕ್ಯಾಮೆರಾ ಕ್ಲಬ್ಬಿನ ಕಾರ್ಯದರ್ಶಿಗಳಾದ ರುದ್ರಮುನಿ ಅಸುಂಡಿ ಮಾಸ್ತರರಿಗೆ ತುಂಗವ್ವ ಮಲ್ಲಾಡದ ಮಾಡುವ ಶರಣಾರ್ಥಿಗಳು.

ನಿಮ್ಮ ಕ್ಯಾಲೆಂಡರಿನಲ್ಲಿ ಇಂಥ ತಾರೀಖು ಇಲ್ಲವೆಂದು ನನಗೆ ಗೊತ್ತು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ವರ್ಷವನ್ನು ಹತ್ತೇ ತಿಂಗಳಿಗೆ ಇಳಿಸಿದರು. ತಿಂಗಳು ಉದ್ದವಾಗಿ ಹಬ್ಬಗಳ ಲೆಕ್ಕ ತಪ್ಪಿತೆಂದು ಮುದುಕರು ಇಂದಿಗೂ ಗೊಣಗುತ್ತಾರೆ. ನನ್ನ ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಕಡತಗಳಿಂದ. ಈ ಪತ್ರ ನಿಮ್ಮ ಕೈ ಸೇರುವ ದಾರಿ ಯಾವುದೂ ಇಲ್ಲ. ನಿಮ್ಮದೇ ಕಡತದ ಕೊನೆಯ ಚಿತ್ರದ ಕೆಳಗೆ ನೀವು ಖಾಲಿ ಬಿಟ್ಟ ಟಿಪ್ಪಣಿಯ ಜಾಗದಲ್ಲಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಬರೆಯಲು ಇದಕ್ಕಿಂತ ಹತ್ತಿರದ ಜಾಗ ನನಗೆ ಸಿಗಲಿಲ್ಲ.

ನಾನು ಇಲ್ಲಿನ ನೆನಪುಕೋಠಿಯ ಪಾಲಕಿ. ನಿಮ್ಮ ಕಾಲದ ಕಡತಗಳನ್ನು ನಿಮ್ಮ ಕಾಲದ ಯಂತ್ರಗಳಲ್ಲೇ ತೆರೆದು ಜನರಿಗೆ ತೋರಿಸುವ ಮನೆಗೆ ನಾವು ಹಾಗೆನ್ನುತ್ತೇವೆ. ಮೊದಲು ಒಂಬತ್ತು ಯಂತ್ರಗಳಿದ್ದವು, ಈಗ ಒಂದೇ ಉಳಿದಿದೆ. ನೀವು ಲ್ಯಾಪ್‌ಟಾಪ್ ಎನ್ನುತ್ತಿದ್ದ ಜಾತಿಯದು. ಅದರ ಮುಚ್ಚಳ ನಿಲ್ಲುವುದಿಲ್ಲ, ಹಿಂದೆ ಒಂದು ಇಟ್ಟಂಗಿ ಒರಗಿಸಿದ್ದೇವೆ. ಈ ಯಂತ್ರದಲ್ಲಿ ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ನಾನು ಜನರಿಗೆ ತೋರಿಸುತ್ತಾ ಬಂದಿರುವುದು ನಿಮ್ಮ ‘ಮಾಗಡಿ ಕೆರೆಯ ಅತಿಥಿಗಳು’. ನೀವು ಸ್ಲೈಡ್ ಶೋ ಎಂದಿರಿ, ನಾವು ಹಾಳೆಯಾಟ ಎನ್ನುತ್ತೇವೆ. ನಲವತ್ತಮೂರು ಚಿತ್ರ, ಎರಡು ಸಾವಿರದ ಹತ್ತೊಂಬತ್ತರ ಡಿಸೆಂಬರಿನಲ್ಲಿ ನಿಮ್ಮ ಶಾಲೆಯ ಡ್ರಾಯಿಂಗ್ ಹಾಲ್‌ನಲ್ಲಿ ತೋರಿಸಿದ್ದು. ಇದನ್ನು ಉಳಿಸಬೇಕೋ, ಇದ್ದ ಹಾಗೆ ಸಾಯಲು ಬಿಡಬೇಕೋ ಎಂಬುದು ಈ ತಿಂಗಳು ನನ್ನ ಕೊರಳಿಗೆ ಬಿದ್ದಿತ್ತು. ಆ ಕಥೆಯನ್ನೇ ಹೇಳಲು ಹೊರಟಿದ್ದೇನೆ.

ಅದಕ್ಕೆ ಮೊದಲು ನಮ್ಮ ಜಗತ್ತಿನ ಒಂದು ಸಂಗತಿ ತಿಳಿಸಬೇಕು. ನಮ್ಮಲ್ಲಿ ಯಾರೂ ಫೋಟೊ ತೆಗೆಯುವುದಿಲ್ಲ. ಮನೆಯ ಗೋಡೆ, ಬೀದಿಯ ಕಂಬ, ಬಾವಿಯ ಕಟ್ಟೆ ಎಲ್ಲವೂ ತಾವಾಗಿಯೇ ನೋಡುತ್ತಿರುತ್ತವೆ. ನೋಡಿದ್ದೆಲ್ಲ ಹರಿವಿಗೆ ಸೇರುತ್ತದೆ. ಹರಿವು ಎಂದರೆ ಎಲ್ಲರ ಎಲ್ಲ ದಿನಗಳೂ ಕೂಡಿಕೊಂಡು ಎಲ್ಲರ ಗೋಡೆಗಳ ಮೇಲೂ ಓಡುತ್ತಲೇ ಇರುವ ಚಿತ್ರ. ರೊಟ್ಟಿ ಬಡಿಯುವಾಗ ಎದುರಿನ ಗೋಡೆಯಲ್ಲಿ ನಿಮ್ಮ ಅಕ್ಕನ ಮದುವೆ ಓಡುತ್ತದೆ, ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಅದು ಹೋಗಿ ಯಾರದೋ ತೊಟ್ಟಿಲು ಬಂದಿರುತ್ತದೆ. ನೀರು ಕಾಯಿಸುವಾಗ, ಬಟ್ಟೆ ಒಣಹಾಕುವಾಗ, ಜ್ವರ ಬಂದು ಮಲಗಿದಾಗಲೂ ಅದು ಓಡುತ್ತದೆ. ಯಾವ ಚಿತ್ರವೂ ನಿಲ್ಲುವುದಿಲ್ಲ, ನಿಲ್ಲಿಸುವ ಗುಂಡಿಯೂ ಇಲ್ಲ. ಹರಿವಿಗೆ ಸೇರಿದ್ದು ಎಂದೂ ಅಳಿಯುವುದಿಲ್ಲ. ಸೇರದ್ದು ಅದರದರ ಯಂತ್ರದ ಜೊತೆಗೇ ಹೋಗುತ್ತದೆ. ನನ್ನ ಗಂಡ ಸಂಗಣ್ಣ ತೀರಿಕೊಂಡು ಎರಡು ವರ್ಷವಾಯಿತು. ದಿನಕ್ಕೆ ಹತ್ತಾರು ಸಲ ಅವರು ನನ್ನ ಅಡುಗೆಮನೆಯ ಗೋಡೆಯಲ್ಲಿ ನಗುತ್ತಾ ಬಂದು ಹೋಗುತ್ತಾರೆ. ಒಂದು ಸಲವೂ ನಾನು ಅವರ ಮುಖವನ್ನು ಕಣ್ತುಂಬ ನೋಡಿಲ್ಲ.

ಇಂಥ ನಮಗೆ ನಿಮ್ಮ ಹಾಳೆಯಾಟ ಎಷ್ಟು ಸೊಗಸೆಂದು ಹೇಗೆ ಹೇಳಲಿ! ಒಂದು ಚಿತ್ರ ಬಂದು ಆರು ಸೆಕೆಂಡು ಕೂರುತ್ತದೆ. ಮಂಜು ಹಿಡಿದ ಕೆರೆ ಮೆಲ್ಲಗೆ ದೊಡ್ಡದಾಗುತ್ತಾ ನಮ್ಮ ಹತ್ತಿರ ಬರುತ್ತದೆ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಕಡಲೆ ಹೊಲದಲ್ಲಿ ಸಾಲಾಗಿ ನಿಂತಿರುತ್ತವೆ. ಒಂದು ಚಿತ್ರ ಕರಗುತ್ತದೆ, ಇನ್ನೊಂದು ಬಾಗಿಲಿನ ಹಾಗೆ ತೆರೆಯುತ್ತದೆ, ಮತ್ತೊಂದು ಯಾಕೋ ಗಿರಗಿರ ತಿರುಗಿ ಬಂದು ಬೀಳುತ್ತದೆ. ಹೆಸರಿನ ಅಕ್ಷರಗಳಂತೂ ಒಂದೊಂದಾಗಿ ಮೇಲಿನಿಂದ ಉದುರಿ ಪುಟಿಯುತ್ತವೆ. ನಿಮ್ಮ ಮೇಲಿನ ಗೌರವದಿಂದಲೇ ಹೇಳುತ್ತೇನೆ ಮಾಸ್ತರೆ, ನಿಮಗೆ ಸಿಕ್ಕ ಆಟಿಕೆಗಳಲ್ಲಿ ಒಂದನ್ನೂ ನೀವು ಬಿಟ್ಟಿಲ್ಲ. ಒಂದು ಹೆಬ್ಬಾತನ್ನು ಫೋಟೊದಿಂದ ಕತ್ತರಿಸಿ ತೆಗೆದು, ಎಡ ಮೂಲೆಯಿಂದ ಬಲ ಮೂಲೆಗೆ ಹಾರಿಸಿದ್ದೀರಲ್ಲ, ಅದು ಬಂದಾಗ ನಮ್ಮ ಜನ ಪ್ರತಿ ಸಲವೂ ಚಪ್ಪಾಳೆ ತಟ್ಟುತ್ತಾರೆ. ಅದರ ಬಾಲದ ತುದಿಯಲ್ಲಿ ಒಂದು ಕಪ್ಪು ಕಡ್ಡಿಯಂಥದು ಅಂಟಿಕೊಂಡಿದೆ. ಆ ಕಾಲದ ಹೆಬ್ಬಾತುಗಳಿಗೆ ಉದ್ದನೆಯ ಒಂಟಿ ಪುಕ್ಕವಿತ್ತೆಂದು ನಮ್ಮ ಕೋಠಿಯ ಪಂಡಿತರೊಬ್ಬರು ಮೂವತ್ತು ಪುಟ ಬರೆದಿದ್ದಾರೆ. ನಾನೂ ನಂಬಿದ್ದೆ.

ಇನ್ನು ನನ್ನ ತಪ್ಪಿನ ವಿಷಯ. ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಿಮ್ಮ ಹಾಳೆಯಾಟವನ್ನು ಮೊದಲ ಸಲ ಓಡಿಸಿದೆ. ಮೂವತ್ತು ಚಿತ್ರ ತಾವಾಗಿಯೇ ಬಂದು ಹೋದವು. ಮೂವತ್ತೊಂದನೆಯದು ಬಂದು ನಿಂತುಬಿಟ್ಟಿತು. ಕಾದೆ, ಹೋಗಲಿಲ್ಲ. ಚಿತ್ರವೂ ವಿಚಿತ್ರವೇ. ಹಕ್ಕಿಯಿಲ್ಲ, ಅಕ್ಷರವಿಲ್ಲ, ತಿರುಗುವುದು ಪುಟಿಯುವುದು ಏನೂ ಇಲ್ಲ. ಕೆರೆಯ ದಂಡೆಯಲ್ಲಿ ಬೋರಲು ಮಲಗಿದ ಗಂಡಸೊಬ್ಬನ ಕೆಸರು ಮೆತ್ತಿದ ಅಂಗಾಲುಗಳು, ಅದರಾಚೆ ಅವನ ಬೆನ್ನು, ಸ್ವಲ್ಪ ನೀರು. ಅದೂ ಓರೆಯಾಗಿ ತೆಗೆದದ್ದು. ಒಳಗೆ ನೋಡಿದರೆ ಉಳಿದೆಲ್ಲ ಚಿತ್ರಕ್ಕೂ ಆರು ಸೆಕೆಂಡು ಎಂದಿತ್ತು, ಇದೊಂದಕ್ಕೆ ಮಾತ್ರ ಸಮಯವೇ ಇರಲಿಲ್ಲ, ಯಾರಾದರೂ ಗುಂಡಿ ಒತ್ತುವವರೆಗೆ ಕಾಯಬೇಕೆಂದಿತ್ತು. ಮಾಸ್ತರರು ಮರೆತಿದ್ದಾರೆ, ಪಾಪ, ಎಂದುಕೊಂಡೆ. ಒಂದು ಪ್ರತಿ ಮಾಡಿ, ಅದರಲ್ಲಿ ನಾನೇ ಆರು ಸೆಕೆಂಡು ತುಂಬಿ ‘ದುರಸ್ತಿ’ ಮಾಡಿದೆ. ಮೇಲಿನವರು ಮೆಚ್ಚಿ ನನಗೊಂದು ಶಾಲು ಹೊದಿಸಿದರು. ಹನ್ನೊಂದು ವರ್ಷ ಆ ಪ್ರತಿಯನ್ನೇ ತೋರಿಸಿದೆ. ಮೂಲ ಕಡತ ಕಪಾಟಿನಲ್ಲಿತ್ತು.

ಈ ಚಳಿಗಾಲ ಹರಿವಿನ ಪರೀಕ್ಷಕರು ಬಂದರು. ವಿರೂಪಾಕ್ಷಿ ಕಣವಿ ಎಂದು ಹೆಸರು, ನನಗಿಂತ ಚಿಕ್ಕವರು, ಒಳ್ಳೆಯವರು. ಯಂತ್ರ ಹೆಚ್ಚು ದಿನ ಬಾಳುವುದಿಲ್ಲ, ಹಾಳೆಯಾಟವನ್ನು ಈ ತಿಂಗಳೊಳಗೆ ಹರಿವಿಗೆ ಸೇರಿಸಿದರೆ ಶಾಶ್ವತವಾಗಿ ಉಳಿಯುತ್ತದೆ, ತಾಳೆ ನೋಡಲು ಮೂಲವನ್ನು ತೆರೆಯಿರಿ ಎಂದರು. ಅವರು ಹೋದ ಮೇಲೆ ತೆರೆದೆ. ಕೈ ತಪ್ಪಿ ಚಿತ್ರದ ಕೆಳಗಿನ ಗೆರೆಯನ್ನು ಮೇಲಕ್ಕೆಳೆದೆ. ಅಲ್ಲಿ ಮಡಚಿಕೊಂಡಿದ್ದ ಬಿಳಿಯ ಜಾಗ ತೆರೆದುಕೊಂಡಿತು. ಅಲ್ಲಿ ನೀವಿದ್ದಿರಿ ಮಾಸ್ತರೆ. ಕೊನೆಯದೊಂದನ್ನು ಬಿಟ್ಟು ಪ್ರತಿ ಚಿತ್ರದ ಕೆಳಗೂ ನಿಮ್ಮ ಟಿಪ್ಪಣಿ, ಪಕ್ಕದಲ್ಲಿ ಕ್ಲಬ್ಬಿನವರ ಮಾತು. ಹಾರುವ ಹೆಬ್ಬಾತಿನ ಕೆಳಗೆ ನೀವು ಬರೆದದ್ದು: “ಬಾಲಕ್ಕ ಕರೆಂಟ್ ಕಂಬದ ತುಣುಕು ಉಳದೈತಿ. ಮುಂದಿನ ಸಲ ಕತ್ತರಸಬೇಕು.” ಮೂವತ್ತು ಪುಟದ ಪಂಡಿತರಿಗೆ ಇದನ್ನು ಇನ್ನೂ ಹೇಳಿಲ್ಲ. ಜಯಶೀಲಾ ಡಾಕ್ಟರು ಎಂಬವರು ಒಂದು ಕಡೆ, “ಮಾಸ್ತರ, ನಾವು ಹಕ್ಕಿ ಹಾರೂದು ನೋಡಾಕ ಬರೋರು, ಅಕ್ಷರ ಹಾರೂದು ನೋಡಾಕಲ್ರಿ” ಎಂದಿದ್ದಾರೆ. ಅದಕ್ಕೆ ನೀವು, “ಡಾಕ್ಟ್ರ, ನೀವು ಇಂಜೆಕ್ಷನ್ ನೋಡ್ಕೋರಿ, ಅನಿಮೇಶನ್ ನನಗ ಬಿಡ್ರಿ.” ನಾನು ಒಬ್ಬಳೇ ಕೂತು ನಕ್ಕೆ. ಎಷ್ಟು ವರ್ಷವಾಗಿತ್ತು ಹಾಗೆ ನಕ್ಕು.

ಆಮೇಲೆ ಮೂವತ್ತೊಂದಕ್ಕೆ ಬಂದೆ. ನೀವು ಬರೆದದ್ದನ್ನು ಇದ್ದ ಹಾಗೆ ಇಡುತ್ತೇನೆ.

“ಇಲ್ಲಿ ಯಾರೂ ಒತ್ತಬ್ಯಾಡ್ರಿ. ಇದಕ್ಕ ಟೈಮ್ ಇಟ್ಟಿಲ್ಲ. ಫಕ್ಕೀರಪ್ಪ ನಾಗಾವಿ ಶ್ರಾವಣದಾಗ ಹೋದ. ನಮಗೆಲ್ಲ ಕ್ಯಾಮೆರಾ ಹಿಡಿಯೂದು ಕಲಿಸಿದಾಂವ. ಈ ಫೋಟೊ ಅವನ ಹೆಂಡತಿ ಗುರವ್ವಕ್ಕ ತಗದಿದ್ದು, ಅವರು ಜೀವನದಾಗ ತಗದ ಒಂದ ಫೋಟೊ. ನಮ್ಮ ಕ್ಲಬ್ಬಿನ ಪದ್ಧತಿ ಪ್ರಕಾರ ಹೋದವರ ಚಿತ್ರ ನಿಲ್ಲತೈತಿ, ಅವರ ಮನಿಯವರು ಎದ್ದು ಬಂದು ಒತ್ತಿದ ಮ್ಯಾಲ ಮುಂದ ಹೋಗತೈತಿ. ಎಷ್ಟೊತ್ತಾದ್ರೂ ಆಗಲಿ. ಯಾರೂ ಅವಸರ ಮಾಡಬಾರದು.”

ಅದರ ಕೆಳಗೆ, ಪ್ರದರ್ಶನ ಮುಗಿದ ಮೇಲೆ ಬರೆದಂತೆ, ಇನ್ನೆರಡು ಸಾಲು: “ಗುರವ್ವಕ್ಕ ನಾಕು ನಿಮಿಷ ಏಳಲಿಲ್ಲ. ಹಾಲ್‌ನಾಗ ಯಾರೂ ಕೆಮ್ಮಲಿಲ್ಲ. ಆಮ್ಯಾಲೆ ಬಂದು ‘ಯಾವುದು ಒತ್ತಲ್ರಿ ಮಾಸ್ತರ’ ಅಂದ್ರು. ಯಾವುದಾರ ಒತ್ರಿ ಅಕ್ಕ ಅಂದೆ.”

ಮಾಸ್ತರೆ, ಆ ನಾಲ್ಕು ನಿಮಿಷಕ್ಕೆ ನಾನು ಆರು ಸೆಕೆಂಡು ಕೊಟ್ಟಿದ್ದೆ. ತಿಂಗಳಿಗೊಮ್ಮೆ, ಹನ್ನೊಂದು ವರ್ಷ, ಆ ಹೆಣ್ಣುಮಗಳನ್ನು ಕುರ್ಚಿಯಿಂದ ಎಬ್ಬಿಸಿ ಕಳಿಸಿದ್ದೆ. ಹೊದಿಸಿದ ಶಾಲನ್ನು ನೆನೆದು ಮೈ ಉರಿಯಿತು.

ಪರೀಕ್ಷಕರನ್ನು ಕರೆಸಿ ಟಿಪ್ಪಣಿ ತೋರಿಸಿದೆ. ಎರಡೆರಡು ಸಲ ಓದಿದರು. ಆಮೇಲೆ ಹೇಳಿದರು: “ಅಕ್ಕಾರ, ನಿಲ್ಲೂದನ್ನ ಹರಿವು ತಗೊಳ್ಳೂದಿಲ್ಲ. ನೀವು ಮಾಡಿದ ಪ್ರತಿ ಕೊಡ್ರಿ, ನಲವತ್ತಮೂರೂ ಚಿತ್ರ ಉಳೀತಾವ. ಒಂದ ಕಡೆ ಕಾಯೂದು ತಪ್ಪತೈತಿ, ಅಷ್ಟ. ಕೊಡದಿದ್ರ ಆ ಯಂತ್ರ ಹೋದ ದಿನ ಎಲ್ಲಾನೂ ಹೋಗತೈತಿ. ನೀವ ವಿಚಾರ ಮಾಡ್ರಿ.” ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಹಕ್ಕಿಗಳಿವೆ, ಕೆರೆಯಿದೆ, ನಿಮ್ಮ ಪುಟಿಯುವ ಅಕ್ಷರಗಳಿವೆ. ಮಾಗಡಿ ಕೆರೆಗೆ ಹೋದ ವರ್ಷ ಬಂದ ಹೆಬ್ಬಾತುಗಳು ಹನ್ನೊಂದು. ಈ ಚಿತ್ರಗಳೂ ಹೋದರೆ ಕಡಲೆ ಹೊಲದ ತುಂಬ ಹಕ್ಕಿ ಇಳಿಯುತ್ತಿದ್ದವೆಂದು ನಮ್ಮ ಮಕ್ಕಳಿಗೆ ಯಾರು ತೋರಿಸುತ್ತಾರೆ? ನಾಲ್ಕು ದಿನ ಎರಡೂ ಕಡತಗಳನ್ನು ತೆರೆಯುತ್ತಾ ಮುಚ್ಚುತ್ತಾ ಕಳೆದೆ.

ಐದನೆಯ ದಿನ ಭಾನುವಾರ. ಏನೂ ತೀರ್ಮಾನವಾಗದೆ ಮೂಲವನ್ನೇ ಹಾಕಿದೆ. ಮೂವತ್ತು ಜನ ಬಂದಿದ್ದರು, ಹಿಂದಿನ ಸಾಲಿನಲ್ಲಿ ವಿರೂಪಾಕ್ಷಿಯವರೂ ಇದ್ದರು. ಅಂಗಾಲುಗಳು ಬಂದವು, ನಿಂತವು. ನಮ್ಮವರಿಗೆ ನಿಂತ ಚಿತ್ರವೆಂದರೆ ಯಂತ್ರ ಸತ್ತಂತೆ. ಜನ ಮಿಸುಕಾಡಿದರು, ಒಬ್ಬರು ಸಹಾಯಕ್ಕೆ ಏಳಹೋದರು. ಕೂರಲು ಸನ್ನೆ ಮಾಡಿ, ನಿಮ್ಮ ಟಿಪ್ಪಣಿಯನ್ನು ಗಟ್ಟಿಯಾಗಿ ಓದಿದೆ. ಅನಂತರ ಸುಮ್ಮನೆ ಕೂತೆವು. ಮೊದಲಿಗೆ ಕೆಸರು ಕಂಡಿತು. ಆಮೇಲೆ ಬಲ ಹಿಮ್ಮಡಿಯ ಬಿರುಕು, ಅಂಗಿಯ ಮೇಲೆ ಕಡಲೆ ಎಲೆ. ಗುರವ್ವ ಆ ಹೊತ್ತಿನಲ್ಲಿ ಎಲ್ಲಿ ನಿಂತಿದ್ದರೆಂಬುದೂ ಗೊತ್ತಾಯಿತು: ಗಂಡನ ಕಾಲ ಬುಡದಲ್ಲಿ, ಅವರು ತಿರುಗಿ ನೋಡದಿರಲೆಂದು ಉಸಿರು ಹಿಡಿದು. ಆ ಮನೆಯವರು ಈಗ ಯಾರೂ ಇಲ್ಲ. ಯಾರಾದರೂ ಏಳಲೇಬೇಕಿತ್ತು, ನಾನು ಎದ್ದೆ. ಗುಂಡಿಯ ಮೇಲೆ ಬೆರಳಿಟ್ಟಾಗ ನನ್ನ ಕಣ್ಣ ಮುಂದಿದ್ದುದು ಫಕ್ಕೀರಪ್ಪನವರಲ್ಲ, ಸಂಗಣ್ಣ. ಅತ್ತುಬಿಟ್ಟೆ. ಎರಡು ವರ್ಷದಲ್ಲಿ ಅದೇ ಮೊದಲು. ಹೋಗಿ ಬನ್ನಿ ಎಂದು ಮನಸ್ಸಿನಲ್ಲೇ ಹೇಳಿ ಒತ್ತಿದೆ. ಮೂವತ್ತೆರಡನೆಯ ಚಿತ್ರದ ಹಕ್ಕಿಗಳು ಎದ್ದವು.

ಮರುದಿನ ಮೂಲವನ್ನೇ ಸಲ್ಲಿಸಿದೆ, ನನ್ನ ದುರಸ್ತಿಯ ಪ್ರತಿಯನ್ನು ಅಳಿಸಿಹಾಕಿದೆ. ವಿರೂಪಾಕ್ಷಿಯವರು ನಿಯಮ ಮೀರಲಿಲ್ಲ. ಕಡತ ವಾಪಸು ಬಂತು, ಮೇಲೆ ಒಂದೇ ಸಾಲು: ‘ಸ್ವೀಕರಿಸಿಲ್ಲ. ಕಾರಣ: ನಿಲ್ಲುತ್ತದೆ.’ ಅದನ್ನು ಕೊಟ್ಟು ಬಾಗಿಲ ತನಕ ಹೋದವರು ತಿರುಗಿ, “ಅಕ್ಕಾರ, ಮುಂದಿನ ಸಲ ನಾ ಒತ್ತಲೇನ್ರಿ? ನಮ್ಮವ್ವ…” ಎಂದು ಅಷ್ಟಕ್ಕೇ ನಿಲ್ಲಿಸಿದರು. ಅವರ ಹೆಸರು ಬರೆದುಕೊಂಡೆ. ಸುದ್ದಿ ಹೇಗೆ ಹಬ್ಬಿತೋ, ಹುಲಕೋಟಿಯಿಂದ, ಲಕ್ಕುಂಡಿಯಿಂದ ಜನ ಬಂದು ತಮಗೂ ಒತ್ತಲು ಸರದಿ ಕೇಳತೊಡಗಿದರು. ತಿಂಗಳ ಆಟವನ್ನು ವಾರದ ಆಟ ಮಾಡಿದೆ. ಇಂದಿಗೆ ನನ್ನ ಪುಸ್ತಕದಲ್ಲಿ ಇನ್ನೂರ ಹದಿನಾರು ಹೆಸರುಗಳಿವೆ.

ಒಂದು ಆಟದಲ್ಲಿ ಒಬ್ಬರೇ ಒತ್ತಬಹುದು. ಯಂತ್ರ ರಿಪೇರಿ ಮಾಡುವವರು ನಿನ್ನೆ ನೋಡಿ, ಜೋಪಾನವಾಗಿ ಬಳಸಿದರೆ ಇನ್ನೊಂದು ವರ್ಷ ಎಂದರು. ಅಂದರೆ ಐವತ್ತು ಭಾನುವಾರ. ಉಳಿದವರಿಗೆ ಏನು ಹೇಳಬೇಕೆಂದು ನನಗೆ ತಿಳಿಯದು. ಪುಸ್ತಕವನ್ನು ಮುಚ್ಚುವ ಧೈರ್ಯವೂ ಇಲ್ಲ, ಬಂದವರ ಹೆಸರನ್ನು ಬರೆದುಕೊಳ್ಳುತ್ತಲೇ ಇದ್ದೇನೆ.

ಗುರವ್ವಕ್ಕನವರನ್ನು ಕಂಡರೆ ನನ್ನ ಪರವಾಗಿ ಕ್ಷಮೆ ಕೇಳಿ. ನಿಮ್ಮಲ್ಲಿ ಒಂದೇ ಬೇಡಿಕೆ. ನೀವಿರುವ ಕಾಲದಲ್ಲಿ ಯಂತ್ರಗಳು ಬೇಕಾದಷ್ಟಿವೆ, ಭಾನುವಾರಗಳೂ ಇವೆ. ಯಾರ ಮನೆಯವರಾದರೂ ಸರಿ, ಕರೆದು ಕೂರಿಸಿ, ಅವರವರ ಚಿತ್ರದ ಮುಂದೆ ಅವರಿಗೆ ಬೇಕಾದಷ್ಟು ಹೊತ್ತು ಬಿಡಿ. ಇಲ್ಲಿ ನಮ್ಮ ಸರದಿಗೆ ಯಂತ್ರವೂ ಭಾನುವಾರಗಳೂ ಸಾಲುವುದಿಲ್ಲ.

ಇಂತು,
ತುಂಗವ್ವ