ಹಳಿ ಕಾಯ್ದವಳ ಫೋಟೋ

ರೈಲಳಿದ ಎಪ್ಪತ್ತನಾಲ್ಕನೇ ವರ್ಷ, ಹದಿಮೂರನೇ ತಿಂಗಳು, ಒಂದನೇ ತಾರೀಖು
ಹಳಿಮನೆ, ಗಿಣಿಗೇರಾ

ಇಂಜಿನ್ ನಂಬರ್ ಬರೆದುಕೊಳ್ಳಲು ಪ್ಲಾಟ್‌ಫಾರಂ ತುದಿಯಲ್ಲಿ ನಿಂತಿರುವ ಹಿರಿಯರೇ,

ನನ್ನ ಪದಗಳು ನಿಮಗೆ ವಿಚಿತ್ರ ಅನ್ನಿಸಿದರೆ ಮನ್ನಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ನನ್ನ ಹೆಸರು ಫಕೀರವ್ವ. ಹಳಿಮನೆಯ ಕೂಲಿಯವಳು. ನಿಮ್ಮ ರೈಲುಗಳು ನಿಂತು ಮೂರು ತಲೆಮಾರಾಯಿತು. ಈಗ ಜನ ಗಾಳಿಗಾಡಿಯಲ್ಲಿ, ಅಂದರೆ ನೆಲ ಮುಟ್ಟದ ಬಂಡಿಯಲ್ಲಿ, ಓಡಾಡುತ್ತಾರೆ. ರೈಲು ಉಳಿದಿರುವುದು ನಮ್ಮ ಹಳಿಮನೆಯ ಮೇಜಿನ ಮೇಲೆ ಮಾತ್ರ, ಅಸಲಿನ ಎಂಬತ್ತೇಳರಲ್ಲಿ ಒಂದು ಪಾಲಿಗೆ ಇಳಿಸಿದ ಪುಟ್ಟ ಮಾದರಿಯಾಗಿ.

ಈ ಮೇಜನ್ನು ಕಿರುರೈಲು ಮಂಡಳಿ ಕಟ್ಟಿದ್ದು ನೀವು ಬಿಟ್ಟುಹೋದ ಪುಸ್ತಕ, ಫೋಟೋಗಳನ್ನು ನೋಡಿ. ಏನೆಲ್ಲ ಬರೆದಿದ್ದೀರಪ್ಪಾ! ಡಬ್ಲ್ಯೂಡಿಎಂ-೨ ಇಂಜಿನ್ನಿಗೆ ಎರಡು ಸಾವಿರದ ಆರುನೂರು ಅಶ್ವಶಕ್ತಿ. ಬ್ರಾಡ್‌ಗೇಜ್ ಹಳಿಗಳ ನಡುವೆ ಸಾವಿರದ ಆರುನೂರ ಎಪ್ಪತ್ತಾರು ಮಿಲಿಮೀಟರ್. ಯಾವ ಇಂಜಿನ್ನಿನ ಹಾರ್ನ್ ಯಾವ ಸ್ವರ ಅನ್ನುವುದೂ ಇದೆ. ಮಂಡಳಿಯ ಕಾನೂನು ಒಂದೇ: ಪುರಾವೆ ಇಲ್ಲದ್ದು ಮೇಜು ಹತ್ತುವಂತಿಲ್ಲ. ಸ್ಟೇಷನ್ನಿನ ಕಂದು ನಾಯಿಗೂ ಪುರಾವೆ ಇದೆ, ಇಂಜಿನ್ ಫೋಟೋದ ಮೂಲೆಯಲ್ಲಿ ಮಲಗಿತ್ತಂತೆ. ಹತ್ತಿತು.

ನಮ್ಮ ಮುತ್ತಜ್ಜಿಯ ಅಜ್ಜಿ ಹುಲಿಗೆಮ್ಮ ಹತ್ತಲಿಲ್ಲ. ಅವಳು ಕೀಮನ್. ಹೆಂಗಸಾದರೂ ಹುದ್ದೆಯ ಹೆಸರು ಅದೇ. ದಿನಾ ಸುತ್ತಿಗೆ ಹೆಗಲಿಗೇರಿಸಿ, ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು, ಸಡಿಲಾದ ಕ್ಲಿಪ್ಪುಗಳನ್ನು ಬಡಿದು ಕೂರಿಸುವ ಕೆಲಸ. ಅವಳು ನಡೆದದ್ದಕ್ಕೇ ನಿಮ್ಮ ಅಷ್ಟೂ ಅಶ್ವಶಕ್ತಿ ಹಳಿಯ ಮೇಲೆ ನಿಂತದ್ದು. ನಾನು ಹೆಬ್ಬೆರಳಿನ ತುದಿಯಷ್ಟು ಮಣ್ಣಿನ ಹುಲಿಗೆಮ್ಮನನ್ನು ಮಾಡಿ ಹಳಿಯ ಪಕ್ಕ ನಿಲ್ಲಿಸಿದೆ. ಮಂಡಳಿಯ ಅಧ್ಯಕ್ಷ ವಿರೂಪಣ್ಣ ಭೂತಗನ್ನಡಿ ಹಿಡಿದು ನೋಡಿದ.

"ಯಾರವಾ ಈಕಿ? ಹಳಿ ತಾನಾಗೇ ಇರ್ತೈತಿ, ಅದಕ್ಯಾಕ ಮನಷಾ?"

"ತಾನಾಗೇ ಇದ್ರ ನಾ ದಿನಾ ಮುಂಜಾನಿ ಏನ್ ಒರಸ್ತೀನ್ರೀ, ನಿಮ್ಮ ಮೀಸೀನಾ?"

ಸುತ್ತ ನಿಂತಿದ್ದ ಮಂಡಳಿಯವರಲ್ಲಿ ನಗೆ ಎದ್ದಿತು. ಆದರೆ ಸುಳ್ಳಲ್ಲ. ಆಟಿಕೆ ಹಳಿಗೂ ಧೂಳು ಕೂರುತ್ತದೆ, ಒಂದು ದಿನ ಒರೆಸದಿದ್ದರೆ ಕರೆಂಟು ಹರಿಯದೆ ಇಂಜಿನ್ ನಿಲ್ಲುತ್ತದೆ. ಮೇಜಿನ ಕೆಳಗೆ ಮೊಣಕಾಲೂರಿ ತೆವಳಿ, ನಡುವಿನ ಕಂಡಿಯಲ್ಲಿ ತಲೆಯೆತ್ತಿ ಒರೆಸುವವಳು ನಾನು. ವಿರೂಪಣ್ಣ ನಗಲಿಲ್ಲ. "ಫೋಟೋ ತಾ, ಇಡೂಣು. ಇಲ್ಲಾಂದ್ರ ನಾಳೆ ಮುಂಜಾನಿ ನೀನಽ ತಗದು ಕಸಕ್ಕ ಹಾಕು" ಅಂದ.

ಫೋಟೋ ಎಲ್ಲಿಂದ ತರಲಿ? ನಮ್ಮ ಮನೆಯಲ್ಲಿ ಉಳಿದಿರುವುದು ಹುಲಿಗೆಮ್ಮ ಹೇಳಿ ಹೇಳಿ ನಗುತ್ತಿದ್ದ ಒಂದು ಮಾತು. ನಿಮ್ಮಂಥವರು ಕ್ಯಾಮೆರಾ ಹಿಡಿದು ಬಂದು ಕೂಗುತ್ತಿದ್ದರಂತೆ: "ಯಕ್ಕಾ, ಆ ಕಡಿ ಸರೀ, ಇಂಜಿನ್ ಮುಚ್ಚಾಕತ್ತೈತಿ!" ಪಾಪ, ದೂರದಿಂದ ಬಂದ ಹುಡುಗರು ಅಂತ ಅವಳು ಸುತ್ತಿಗೆ ಎತ್ತಿಕೊಂಡು ಪ್ರತಿ ಸಲವೂ ಸರಿದು ನಿಂತಳು. ನಾಯಿಗೆ ಯಾರೂ ಆ ಕಡೆ ಸರಿ ಅನ್ನಲಿಲ್ಲ. ಸ್ವಾಮೀ, ನಿಮ್ಮ ಸಾವಿರ ಫೋಟೋಗಳಲ್ಲಿ ಅವಳಿಲ್ಲದಿರುವುದು ಮರೆವಲ್ಲ. ನೀವೇ ಬಾಯಿಬಿಟ್ಟು ಕೇಳಿ ಅವಳನ್ನು ಹೊರಗಿಟ್ಟಿರಿ. ಅವಳ ಒಳ್ಳೆಯತನವೇ ಇವತ್ತು ಅವಳ ವಿರುದ್ಧ ಸಾಕ್ಷಿ ಹೇಳುತ್ತಿದೆ.

ನಾಳೆ ನಾನು ಆ ಗೊಂಬೆ ತೆಗೆಯುವುದಿಲ್ಲ. ಕೆಲಸ ಹೋದರೆ ಹೋಗಲಿ, ಹಳಿ ಒರೆಸಲು ಬೇರೆ ಮೊಣಕಾಲು ಹುಡುಕಿಕೊಳ್ಳಲಿ. ಆದರೆ ನಾನು ಹೋದ ಮೇಲೆ ಅವಳನ್ನು ಮೇಜಿನ ಮೇಲೆ ಉಳಿಸಬಲ್ಲವರು ನೀವೊಬ್ಬರೇ. ನಿಮ್ಮ ಊರಿನ ಹಳಿಗೆ ಹೋಗಿ, ಅಲ್ಲೂ ಒಬ್ಬಳು ಹುಲಿಗೆಮ್ಮ ಇರುತ್ತಾಳೆ. ಅವಳು ಚೌಕಟ್ಟಿನೊಳಗೆ ಬಂದರೆ ಬರಲಿ, ಅರ್ಧ ಇಂಜಿನ್ ಮುಚ್ಚಲಿ, ಒತ್ತಿ ಕ್ಯಾಮೆರಾ. ಫೋಟೋದ ಹಿಂಬದಿಗೆ ಅವಳ ಹೆಸರು, ಊರು ಕೇಳಿ ಬರೆಯಿರಿ. ಸುತ್ತಿಗೆಯ ತೂಕವನ್ನೂ ಬರೆಯಿರಿ, ನಮ್ಮ ಮಂಡಳಿಯವರಿಗೆ ತೂಕ ಅಂದರೆ ಪ್ರಾಣ.

ಬಿಸಿಲೇರುವ ಮುಂಚೆ ಹೋಗಿ. ಅವಳು ಆಗಲೇ ಹೊರಟಿರುತ್ತಾಳೆ, ಬಲು ಬೇಗ ನಡೆಯುತ್ತಾಳೆ.

ಫಕೀರವ್ವ