ಗುಡ್ಡ ಎಲ್ಲಿ ಹೋಯಿತು

ಜುಲೈ 3, ಬುಧವಾರ

ಹಾಲು, ಟಿಫಿನ್, ಸ್ಕೂಲು. ಕೊನೆಯ ಪೀರಿಯಡ್ ಖಾಲಿ. ಮಂಗಳಕ್ಕನ ಜೊತೆ ನನ್ನ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತೆ. ಅಕ್ಕ ಭೂಗೋಳದ ಟೀಚರ್, ಹತ್ತು ವರ್ಷದವಳಿದ್ದಾಗ ಕಣ್ಣು ಹೋಯಿತು. ನಾನು ಬರೆದ ಪ್ರೋಗ್ರಾಂ ಅವಳಿಗೆ ಗ್ರಾಫ್ ಓದಿ ಹೇಳುತ್ತದೆ. ಮಳೆಯದನ್ನು ಚೆನ್ನಾಗಿ ಓದಿತು. ಆಮೇಲೆ ಅವಳೂರು ಗುಮ್ಮಘಟ್ಟದ ನೆಲ, ತ್ರೀಡಿ ಗ್ರಾಫ್. ಪೂರ್ವ-ಪಶ್ಚಿಮ ಇಷ್ಟು, ಉತ್ತರ-ದಕ್ಷಿಣ ಇಷ್ಟು... ನಿಂತೇಬಿಟ್ಟಿತು.

ಅಕ್ಕ ಕೇಳಿದಳು, "ಗುಡ್ಡ ಎಲ್ಲಿ ಹೋತು, ಉಷಾ? ಕುರಿ ಹಿಂದ ದಿನಾ ಹತ್ತಿದಾಕಿ ನಾನು."

ಎತ್ತರ ಅಂತ ಒಂದಿದೆ ಎಂಬುದೇ ನನ್ನ ಕೋಡಿಗೆ ಗೊತ್ತಿಲ್ಲ. ಸೋಮವಾರ ಅನಂತಪುರದಲ್ಲಿ ಟೀಚರುಗಳ ಮುಂದೆ ಅಕ್ಕ ಇದನ್ನೇ ತೋರಿಸಬೇಕು.

ಜುಲೈ 4, ಗುರುವಾರ

ಡೇಟಾದಲ್ಲಿ ಮೂರು ಕಾಲಂ ಇದ್ದರೆ ತ್ರೀಡಿ — ಹಾಗೆ ಬರೆದೆ. ಗುಡ್ಡ ಬಂತು. ಖುಷಿ ಐದೇ ನಿಮಿಷ. ಬಾವಿಗಳ ಗ್ರಾಫನ್ನೂ ತ್ರೀಡಿ ಅಂದುಕೊಂಡಿತು. ಅದು ಚಪ್ಪಟೆಯದು, ಮೂರನೇ ಕಾಲಂ ಬರೀ ಚುಕ್ಕೆಯ ಬಣ್ಣ. ಇಲ್ಲದ ಎತ್ತರ ಹುಡುಕಿ ಎರರ್.

ತ್ರೀಡಿ ಬಿಟ್ಟುಬಿಡಿ ಎಂದರು ಹೆಡ್ಮಾಸ್ಟರ್. ಅಕ್ಕನಿಗೆ ಹೇಳಲಿಲ್ಲ.

ಜುಲೈ 6, ಶನಿವಾರ

ನಿನ್ನೆ ತಲೆಯೇ ಓಡಲಿಲ್ಲ. ಇವತ್ತು ಅಕ್ಕನೇ ದಾರಿ ತೋರಿಸಿದಳು. "ಅಂಕಿನ್ಯಾಕ ಕೇಳ್ತಿ? ಗ್ರಾಫನ್ನ ಕೇಳು, ನೀ ಎಂಥದು ಅಂತ."

ಹೌದಲ್ಲ. ಗ್ರಾಫಿನ ಚೌಕಟ್ಟಿಗೇ ಕೋಡಿನಲ್ಲಿ ಒಂದು ಹೆಸರಿರುತ್ತದೆ. ಪ್ರಿಂಟ್ ಮಾಡಿದೆ. ಮಳೆಯದು, ಬಾವಿಯದು — 'ರೆಕ್ಟಿಲೀನಿಯರ್', ಅಂದರೆ ಚಪ್ಪಟೆ. ಗುಡ್ಡದ್ದು — '3ಡಿ'. ಅಷ್ಟೇ. ಒಂದು ಸಾಲಿನ ಇಫ್: ಹೆಸರು 3ಡಿ ಆಗಿದ್ದರೆ ಮಾತ್ರ ಎತ್ತರ ಓದು.

ಮೂರನ್ನೂ ಸರಿಯಾಗಿ ಓದಿತು. ಎತ್ತರ ಹೇಳುತ್ತಿದ್ದಂತೆ ಅಕ್ಕನ ಕೈ ಮೇಜಿನಿಂದ ಮೆಲ್ಲಗೆ ಮೇಲೇಳುತ್ತಾ ಹೋಯಿತು.

ಜುಲೈ 8, ಸೋಮವಾರ, ಸಂಜೆ 6, ಬಸ್ಸಿನಲ್ಲಿ

ಅಕ್ಕ ತೆಲುಗಿನಲ್ಲಿ ಇಪ್ಪತ್ತು ನಿಮಿಷ ಮಾತಾಡಿದಳು. ಎಲ್ಲೂ ತಡವರಿಸಲಿಲ್ಲ. ಮುಗಿದ ಮೇಲೆ ಮಡಕಶಿರಾ ಕಡೆಯ ಕದರಪ್ಪ ಮೇಷ್ಟ್ರು ಸಾಲು ಕುರ್ಚಿಗಳನ್ನು ತಡವುತ್ತಾ ನಮ್ಮ ಹತ್ತಿರ ಬಂದರು. ಹುಟ್ಟಿನಿಂದ ಕಣ್ಣಿಲ್ಲ. ಗುಡ್ಡದ್ದನ್ನು ಇನ್ನೊಂದು ಸಲ ಹಾಕಿಸಿಕೊಂಡು ಕೇಳಿದರು.

"ಗುಡ್ಡ ಅಂದ್ರೆ ನಂಗೆ ಇಷ್ಟು ದಿನ ಬರೀ ಹೆಸರು ಕಣಮ್ಮ. ಈವತ್ತು ಎತ್ತರ ಗೊತ್ತಾಯ್ತು."

ಪ್ರೋಗ್ರಾಂ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ತಮ್ಮೂರು ಅಮರಾಪುರದ ನೆಲದ ಡೇಟಾ ಕಳಿಸುತ್ತಾರಂತೆ. ಅಕ್ಕ ನನ್ನ ಭುಜಕ್ಕೊರಗಿ ನಿದ್ದೆ. ನಾವಿಳಿಯುವ ರಾಯದುರ್ಗ ಬಂತು, ಎಬ್ಬಿಸಬೇಕು.