ರವಿಕೆ ಕಣ ಕೊಟ್ಟವಳ ದೋಣಿ

೧೨ ಅಕ್ಟೋಬರ್ ೧೯೮೫, ಓಕ್ಲ್ಯಾಂಡ್

ಈ ಶನಿವಾರವೂ ದೋಣಿಯಲ್ಲೇ. ಇವರು ಬೆಳಗಿನಿಂದ ಹಾಯಿಗೆ ತೇಪೆ ಹಾಕುತ್ತಿದ್ದಾರೆ. ನಾನು ಅಕ್ಕಿ, ಹುಣಸೆಹಣ್ಣು, ಚಟ್ನಿಪುಡಿ ತುಂಬುತ್ತಿದ್ದೇನೆ. ಕೆಲಸ ಬಿಟ್ಟಿದ್ದು ಇವರು, ದೋಣಿ ಕೊಂಡಿದ್ದು ಇವರು, ಪನಾಮಾ ತನಕ ಅಂತ ಗೊತ್ತುಮಾಡಿದ್ದೂ ಇವರೇ. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ವಸು, ಕುಕ್ಕರು ದೊಡ್ಡದು ಬೇಕಾ, ಚಿಕ್ಕದು ಸಾಕಾ?"

ಸ್ಯಾನ್ ಹೊಸೆಯಿಂದ ಗೆಳತಿ ಜಲಜಾ ಬಂದು ತಾಂಬೂಲ ಕೊಟ್ಟಳು. ಅದರಲ್ಲಿದ್ದ ಹಸಿರು ರವಿಕೆ ಕಣ, ಗೌರಿ ಹಬ್ಬಕ್ಕೆ ನಾನೇ ಅವಳಿಗೆ ಕೊಟ್ಟದ್ದು! ಇಲ್ಲಿ ಅದನ್ನು ಯಾರೂ ಹೊಲಿಸುವುದಿಲ್ಲ, ಮುಂದಿನ ಮನೆಗೆ ದಾಟಿಸುತ್ತಾರೆ. ಮನೆಯಲ್ಲಿ ಅಂಥವು ಒಂದು ಚೀಲ. ಅದನ್ನೂ ಹೇರಿದೆ. ಯಾಕೋ ಗೊತ್ತಿಲ್ಲ.

೧೪ ಅಕ್ಟೋಬರ್

ಗೋಲ್ಡನ್ ಗೇಟ್ ಕೆಳಗೆ ಹೋಗುವಾಗ ಕಣ್ಣಲ್ಲಿ ನೀರು. "ಗಾಳಿ ಜೋರು, ಅಲ್ವಾ?" ಅಂದರು. ನನ್ನ ಕರ್ಮ. ಆಮೇಲೆ ಬರೀ ವಾಂತಿ…

೩ ಫೆಬ್ರವರಿ ೧೯೮೬, ಸ್ಯಾನ್ ಬ್ಲಾಸ್ ದ್ವೀಪಗಳು

ಪನಾಮಾ ಕಾಲುವೆ ದಾಟಿ ಈಚೆ ಸಮುದ್ರಕ್ಕೆ ಬಂದಾಯಿತು. ಇಷ್ಟೇ ಅಂದಿದ್ದರು. ಈಗ ಹೊಸ ರಾಗ — "ಅಟ್ಲಾಂಟಿಕ್ಕೂ ದಾಟಿಬಿಡೋಣ ಕಣೆ. ಫ್ರೀಮಾಂಟ್ ಮನೆ ಮಾರಿದ್ರಾಯ್ತು."

ಮಾರಿದ್ರಾಯ್ತಂತೆ. ಅದು ಹೋದರೆ ಅಮೆರಿಕದಲ್ಲಿ ನನಗೆ ಕಾಲೂರಲು ಜಾಗವೇ ಇಲ್ಲ. "ಬೇಡ ರೀ" ಅಂದೆ. "ನೋಡೋಣ ಬಿಡು" ಅಂದು ಹಗ್ಗ ಬಿಗಿಯಲು ಹೋದರು.

ಮಧ್ಯಾಹ್ನ ಇಲ್ಲಿಯ ಕೂನಾ ಬುಡಕಟ್ಟಿನ ಹೆಂಗಸರು ಪುಟ್ಟ ದೋಣಿಗಳಲ್ಲಿ ಹುಟ್ಟುಹಾಕುತ್ತ ಬಂದರು. ಮೂಗಿನಲ್ಲಿ ಚಿನ್ನದ ಉಂಗುರ. ಬಣ್ಣಬಣ್ಣದ ಬಟ್ಟೆ ಕತ್ತರಿಸಿ ಒಂದರ ಮೇಲೊಂದು ಹೊಲಿದ ರವಿಕೆ. ಇವರಿಗೆ ಫೋಟೋದ ಆತುರ. ಬಾಗಿಲಿಗೆ ಬಂದ ಹೆಂಗಸರನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಹಣೆಗೆ ಕುಂಕುಮ ಇಟ್ಟು ಒಬ್ಬೊಬ್ಬರಿಗೂ ರವಿಕೆ ಕಣ ಕೊಟ್ಟೆ. ಹಸಿರು ಕಣ ಅವರಲ್ಲಿದ್ದ ಒಬ್ಬ ಅಜ್ಜಿಗೆ. ಅಜ್ಜಿ ಬಟ್ಟೆ ಎಳೆದು ನೋಡಿದಳು, ಇವರನ್ನೊಮ್ಮೆ ನೋಡಿದಳು, ನನ್ನ ಕೈ ಹಿಡಿದಳು.

೪ ಫೆಬ್ರವರಿ

ಇಲ್ಲಿ ತಂಗಲು ಊರಿನವರ ಅಪ್ಪಣೆ ಬೇಕು. ಸಭೆಯ ಮನೆಗೆ ಹೋದೆವು. ಜೋಲಿಯಲ್ಲಿ ಮಲಗಿದ್ದ ಊರ ಹಿರಿಯ ಕೇಳಿದ. ಕಾಲುವೆ ಕಡೆ ಕೆಲಸ ಮಾಡಿ ಬಂದವನೊಬ್ಬ ಅದನ್ನು ಇಂಗ್ಲಿಷಿನಲ್ಲಿ ಹೇಳಿದ — ಎಷ್ಟು ದಿನ, ಇಲ್ಲಿಂದ ಎಲ್ಲಿಗೆ? ಇವರು ಅಟ್ಲಾಂಟಿಕ್ ಪುರಾಣ ಶುರುಮಾಡಿದರು. ಅಜ್ಜಿ ನಡುವೆ ಏನೋ ಅಂದಳು. ಹಿರಿಯ ಕೈಯೆತ್ತಿದ.

"ನಿಮ್ಮನ್ನಲ್ಲ ಕೇಳಿದ್ದು" ಅಂದ ಇಂಗ್ಲಿಷಿನವ. "ಬಂದವರಿಗೆ ಬಟ್ಟೆ ಕೊಟ್ಟವಳು ಈಕೆ. ದೋಣಿ ಈಕೆಯದು. ನಮ್ಮಲ್ಲಿ ಮದುವೆಯಾದ ಮೇಲೆ ಗಂಡನೇ ಹೆಂಡತಿಯ ಮನೆಗೆ ಬರುತ್ತಾನೆ, ಮನೆ ಅವಳದು."

ಎಲ್ಲರ ಕಣ್ಣೂ ನನ್ನ ಮೇಲೆ. ಮದುವೆಯಾದಾಗಿನಿಂದ ನನ್ನ ಮಾತಿಗೆ ಯಾರೂ ಹೀಗೆ ಕಾದಿರಲಿಲ್ಲ.

"ಎರಡು ದಿನ. ಆಮೇಲೆ ಮನೆಗೆ."

ಹಿರಿಯ ತಲೆದೂಗಿದ. ಸಭೆ ಮುಗಿಯಿತು.

ವಾಪಸಾಗುವಾಗ ಇವರು — "ಅಷ್ಟು ಜನರ ಮುಂದೆ ಮರ್ಯಾದೆ ತೆಗೆದ್ಯಲ್ಲ."

"ದೋಣಿಯಲ್ಲಿ ಹೇಳಿದಾಗ ಕೇಳಿಸ್ತಾ ನಿಮಗೆ?"

ಊಟ ಬೇಡವಂತೆ. ಬಿಡಲಿ.

೬ ಫೆಬ್ರವರಿ, ಬೆಳಿಗ್ಗೆ

ಅಜ್ಜಿ ಬಂದಳು. ಹಸಿರು ಕಣ ರವಿಕೆಯಾಗಿದೆ! ಎದೆಯ ಮೇಲೆ ಅವಳದೇ ಹಳೆ ರವಿಕೆಯಿಂದ ಬಿಚ್ಚಿ ಹೊಲಿದ ಕೆಂಪು ಹಕ್ಕಿ. ಅಳತೆ ಕಣ್ಣಲ್ಲೇ ತೆಗೆದಿದ್ದಾಳೆ, ನನ್ನ ಮೈಗೆ ಸರಿಯಾಗಿ ಕೂತಿತು. ಇನ್ನು ಇದು ಜಲಜಾ ಮನೆಗೆ ಹೋಗುವುದಿಲ್ಲ. ಅತ್ತುಬಿಟ್ಟೆ, ಈ ಸಲ ಸಂತೋಷಕ್ಕೆ.

ಲಂಗರು ಎತ್ತಿಯಾಯಿತು. ಇವರು ಚುಕ್ಕಾಣಿ ಹಿಡಿದು ನಿಂತಿದ್ದಾರೆ. ಮುಖ ಇನ್ನೂ ಊದಿದೆ.

"ಎಲ್ಲಿಗಮ್ಮ?"

"ಮನೆಗೆ."

"ಮನೆ ಯಾವ ಕಡೆ, ನೀನೇ ಹೇಳು. ದೋಣಿ ನಿನ್ನದಂತಲ್ಲ."

ಮೈ ಉರಿಯಿತು. ಆದರೆ ನಿಜಕ್ಕೂ ಗೊತ್ತಿಲ್ಲ. ಇಷ್ಟು ತಿಂಗಳು ಇವರು ಒಯ್ದ ಕಡೆ ಬಂದೆ, ಯಾವ ದಿಕ್ಕು ಅಂತ ಒಮ್ಮೆಯೂ ನೋಡಲಿಲ್ಲ. ನಕ್ಷೆ ಬಿಚ್ಚಿಕೊಂಡು ಕೂತಿದ್ದೇನೆ. ಕಾಲುವೆಯ ಬಾಯಿ ಸಿಕ್ಕಿತು. ನಾವಿರುವ ದ್ವೀಪವೂ ಸಿಕ್ಕಿತು, ಅದರ ಬಲಕ್ಕೆ. ಇವರು ಕಾಯುತ್ತಿದ್ದಾರೆ. ಕಾಯಲಿ. ಈ ಹೊತ್ತಿಗೆ ಬಿಸಿಲು ಬೆನ್ನಿಗೆ ಬೀಳಬೇಕು. ಅಂದರೆ, ಪಶ್ಚಿಮಕ್ಕೆ.